ಹದಿಹರೆಯದವರಿಗೆ ರಸ್ತೆ ಪಾಠ: ಭಾಷಣ ಬೇಡ, ಅಳತೆ ಟೇಪು ತನ್ನಿ

ಹದಿನಾರು, ಹದಿನೇಳರ ಮಕ್ಕಳನ್ನು ಸಭಾಂಗಣದಲ್ಲಿ ಕೂರಿಸಿ ನಜ್ಜುಗುಜ್ಜಾದ ಗಾಡಿಗಳ ಚಿತ್ರ ತೋರಿಸಿದರೆ ಅರ್ಧ ಗಂಟೆ ಮೌನ ಕವಿಯುತ್ತದೆ. ಹೊರಗೆ ಬಂದ ಹತ್ತು ನಿಮಿಷಕ್ಕೆ ಅದೇ ಮಕ್ಕಳು ಹೆಲ್ಮೆಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಹೊರಡುತ್ತಾರೆ. ಹೆದರಿಕೆ ಬೇಗ ಇಳಿಯುತ್ತದೆ, ‘ಇದೆಲ್ಲ ಬೇರೆಯವರಿಗೆ ಆಗುವಂಥದ್ದು’ ಎಂಬ ನಂಬಿಕೆ ಮಾತ್ರ ಕದಲುವುದಿಲ್ಲ. ಅದು ಕದಲಬೇಕಾದರೆ ತಮ್ಮ ಕೈ ಎಷ್ಟು ನಿಧಾನ, ಗಾಡಿ ನಿಲ್ಲಲು ಎಷ್ಟು ಜಾಗ ಬೇಕು ಎಂಬುದನ್ನು ಅವರೇ ಅಳೆದು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ. ಈ ಮಾತನ್ನು ಒಮ್ಮೆ ಹೇಳಿ, ಅಷ್ಟು ಸಾಕು.

ಎರಡು ಗಂಟೆಯ ತರಗತಿಗೆ 25ರಿಂದ 30 ಮಕ್ಕಳು ಸರಿಯಾದ ಸಂಖ್ಯೆ. 30 ಸೆಂ.ಮೀ. ಸ್ಕೇಲು ಇಬ್ಬರಿಗೊಂದು, 50 ಮೀಟರಿನ ಅಳತೆ ಟೇಪು, ಸುಣ್ಣದ ಪುಡಿ, ಒಂದು ದೊಡ್ಡ ಖಾಲಿ ರಟ್ಟಿನ ಪೆಟ್ಟಿಗೆ, ಸ್ಟಾಪ್‌ವಾಚ್, ಐದು ಕುರ್ಚಿ, ಮಕ್ಕಳು ದಿನವೂ ಬಳಸುವ ಹೆಲ್ಮೆಟ್‌ಗಳು ಬೇಕು. ಮೈದಾನ ಕನಿಷ್ಠ 70 ಮೀಟರ್ ಉದ್ದವಿರಲಿ. ಓಡುವ ಗಾಡಿ ಮಾತ್ರ ಬೇಡವೇ ಬೇಡ.

ಹಂತ 1: ಬೀಳುವ ಸ್ಕೇಲು

ಒಬ್ಬರು ಸ್ಕೇಲಿನ ಮೇಲ್ತುದಿ ಹಿಡಿದು ನಿಲ್ಲಲಿ. ಇನ್ನೊಬ್ಬರು ಮುಂಗೈಯನ್ನು ಮೇಜಿನ ಅಂಚಿಗೆ ಊರಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಎರಡು ಸೆಂ.ಮೀ. ಬಿಟ್ಟು, ಸ್ಕೇಲಿನ ಸೊನ್ನೆ ಗೆರೆ ಬೆರಳುಗಳ ಮಟ್ಟಕ್ಕೆ ಬರುವಂತೆ ಕಾಯಲಿ. ಮೊದಲನೆಯವರು ಹೇಳದೆ ಕೇಳದೆ ಸ್ಕೇಲು ಬಿಡಬೇಕು. ಹಿಡಿದ ಜಾಗದ ಅಂಕಿ ಬರೆದುಕೊಳ್ಳಿ. ಐದು ಸಲ ಮಾಡಿ, ಮೊದಲನೆಯದನ್ನು ಬಿಟ್ಟು ಉಳಿದ ನಾಲ್ಕರ ಸರಾಸರಿ ತೆಗೆಯಿರಿ. 10 ಸೆಂ.ಮೀ. ಎಂದರೆ 0.14 ಸೆಕೆಂಡು, 20 ಎಂದರೆ 0.20, 30 ಎಂದರೆ 0.25. ‘ಒಂದು, ಎರಡು, ಮೂರು’ ಎಂದು ಎಣಿಸಿ ಬಿಟ್ಟರೆ ಲೆಕ್ಕ ಕೆಡುತ್ತದೆ, ಬೆರಳು ಮೊದಲೇ ಮುಚ್ಚಿಕೊಳ್ಳುತ್ತದೆ.

ಈಗ ಅದನ್ನೇ ಮತ್ತೊಮ್ಮೆ ಮಾಡಿಸಿ. ಆದರೆ ಹಿಡಿಯುವವರು 100ರಿಂದ ಏಳೇಳು ಕಳೆಯುತ್ತಾ ಜೋರಾಗಿ ಹೇಳುತ್ತಿರಬೇಕು: 93, 86, 79... ಹಿಡಿತ ಕೆಳಕ್ಕೆ ಜಾರುತ್ತದೆ, ಕೆಲವರ ಕೈಯಿಂದ ಸ್ಕೇಲು ಪೂರ್ತಿ ತಪ್ಪಿಹೋಗುತ್ತದೆ. ಕಣ್ಣು ಸ್ಕೇಲಿನ ಮೇಲೇ ಇತ್ತು, ಕೈ ಖಾಲಿಯೇ ಇತ್ತು, ಮನಸ್ಸು ಮಾತ್ರ ಬೇರೆಡೆ ಇತ್ತು. ‘ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಮಾತಾಡಿದ್ರೆ ಏನಾಗುತ್ತೆ?’ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ.

ಒಂದು ಎಚ್ಚರ. ‘ನನ್ನದು ಬರೀ 0.18!’ ಎಂದು ಬೀಗುವವರು ಇದ್ದೇ ಇರುತ್ತಾರೆ. ಅದನ್ನು ಅಲ್ಲಿಗೇ ಬಿಟ್ಟರೆ ಪಾಠ ತಿರುಗುಮುರುಗಾಗುತ್ತದೆ. ಇಲ್ಲಿ ಬೆರಳು ಕಾದು ಕುಳಿತಿತ್ತು, ಮಾಡಬೇಕಾದ ಕೆಲಸವೂ ಒಂದೇ. ರಸ್ತೆಯಲ್ಲಿ ಕಾಣಬೇಕು, ಅದೇನೆಂದು ತಿಳಿಯಬೇಕು, ಏನು ಮಾಡುವುದೆಂದು ತೀರ್ಮಾನಿಸಬೇಕು, ಆಮೇಲೆ ಕಾಲು ಬ್ರೇಕಿನತ್ತ ಹೋಗಬೇಕು. ಇದಕ್ಕೆಲ್ಲ ಸುಮಾರು ಒಂದೂವರೆ ಸೆಕೆಂಡು ಹಿಡಿಯುವುದು ರೂಢಿ. ಮುಂದಿನ ಲೆಕ್ಕಕ್ಕೆ ಇದೇ ಆಧಾರ.

ಹಂತ 2: ಮೈದಾನದ ಗೆರೆಗಳು

ಸುಣ್ಣದಲ್ಲಿ ಒಂದು ಆರಂಭದ ಗೆರೆ ಎಳೆಯಿರಿ. ‘ಗಂಟೆಗೆ 60 ಕಿ.ಮೀ. ವೇಗದ ಕಾರು. ಈ ಗೆರೆಯ ಹತ್ತಿರ ಬಂದಾಗ ಮುಂದೆ ಅಡಚಣೆ ಕಂಡಿತು. ಎಲ್ಲಿ ನಿಲ್ಲುತ್ತದೋ ಅಲ್ಲಿ ಹೋಗಿ ನಿಂತುಕೊಳ್ಳಿ’ ಎನ್ನಿ. ಎಲ್ಲರೂ ನಿಂತ ಮೇಲೆಯೇ ಟೇಪು ಬಿಚ್ಚಿ. ಮೊದಲೇ ಅಳೆದು ತೋರಿಸಿದರೆ ‘ನಮಗೆ ಗೊತ್ತಿತ್ತು’ ಎಂದುಬಿಡುತ್ತಾರೆ.

ವೇಗವನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ಎಂದು ಸಿಗುತ್ತದೆ. 60 ಕಿ.ಮೀ. ಎಂದರೆ 16.7 ಮೀಟರ್. ಒಂದೂವರೆ ಸೆಕೆಂಡಿಗೆ 25 ಮೀಟರ್ ಆಯಿತು, ಬ್ರೇಕು ಇನ್ನೂ ಮುಟ್ಟಿಲ್ಲ. ಅಲ್ಲಿಂದ ಒಣ ರಸ್ತೆ, ಒಳ್ಳೆಯ ಟೈರು, ಒಳ್ಳೆಯ ಬ್ರೇಕು ಇದ್ದರೂ ಇನ್ನೂ 20 ಮೀಟರ್ ಬೇಕು. ಒಟ್ಟು 45. ಮಳೆಯಲ್ಲಿ ಬ್ರೇಕಿನ ದೂರ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ 65ರ ಹತ್ತಿರ ಇನ್ನೊಂದು ಗೆರೆ ಎಳೆಯಿರಿ. 40 ಕಿ.ಮೀ. ವೇಗಕ್ಕೆ ಅದೇ ಒಂದೂವರೆ ಸೆಕೆಂಡಿನಲ್ಲಿ 16.7 ಮೀಟರ್, ಆಮೇಲೆ ಬ್ರೇಕಿನ 8.8, ಒಟ್ಟು 25.5. ವೇಗ ಒಂದೂವರೆ ಪಟ್ಟಾದರೆ ಬ್ರೇಕಿನ ದೂರ ಎರಡೂಕಾಲು ಪಟ್ಟು, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬೈಕಾದರೆ, ಹೊಸಬರು ಚಕ್ರ ಜಾರೀತೆಂದು ಹೆದರಿ ಮುಂದಿನ ಬ್ರೇಕನ್ನು ಅರ್ಧಂಬರ್ಧ ಹಿಡಿಯುವುದರಿಂದ ಇದಕ್ಕಿಂತ ದೂರ ಹೋಗುತ್ತಾರೆ.

ಈಗ ರಟ್ಟಿನ ಪೆಟ್ಟಿಗೆಯನ್ನು 26 ಮೀಟರಿಗೆ ಇಡಿ. (ಹುಡುಗನನ್ನು ನಿಲ್ಲಿಸಬೇಡಿ, ನಾಟಕವಾಗುತ್ತದೆ.) 40ರ ಗಾಡಿ ಪೆಟ್ಟಿಗೆಗೆ ಅರ್ಧ ಮೀಟರ್ ಈಚೆ ನಿಲ್ಲುತ್ತದೆ. 60ರ ಗಾಡಿ ಎಷ್ಟು ವೇಗದಲ್ಲಿ ಗುದ್ದುತ್ತದೆ ಎಂದು ಕೇಳಿ. 20 ಎನ್ನುತ್ತಾರೆ, 30 ಎನ್ನುತ್ತಾರೆ. ಸರಿಯಾದ ಉತ್ತರ 58. ಏಕೆಂದರೆ ಪೆಟ್ಟಿಗೆಗೆ ಒಂದು ಮೀಟರ್ ಮುಂಚೆಯಷ್ಟೇ ಬ್ರೇಕು ಬಿದ್ದಿದೆ. ಇಡೀ ತರಗತಿಯಲ್ಲಿ ಮಕ್ಕಳು ನಿಜವಾಗಿ ಸುಮ್ಮನಾಗುವುದು ಇಲ್ಲಿ. ಕೂಡಲೇ ಮಾತಿಗಿಳಿಯಬೇಡಿ, ಅವರೇ ಲೆಕ್ಕ ಹಾಕಿ ನೋಡಲಿ.

ಹಂತ 3: ಫೋನಿನ ಲೆಕ್ಕ

ಹತ್ತು ಪದದ ಒಂದು ಸಂದೇಶ ಟೈಪಿಸಲು ಹೇಳಿ. ಕಣ್ಣು ಪರದೆಯ ಮೇಲಿದ್ದ ಒಂದೊಂದು ಸಲವನ್ನೂ ಪಕ್ಕದವರು ಸ್ಟಾಪ್‌ವಾಚಿನಲ್ಲಿ ಅಳೆಯಲಿ, ಅದನ್ನು 16.7ರಿಂದ ಗುಣಿಸಲಿ. ಎರಡು ಸೆಕೆಂಡು 33 ಮೀಟರ್, ಐದು ಸೆಕೆಂಡು 83 ಮೀಟರ್. ಅಷ್ಟು ದೂರ ಗಾಡಿಯನ್ನು ನೋಡಿಕೊಳ್ಳುವವರಿಲ್ಲ. ಫೋನು ಮೌನವಾಗಿದ್ದರೂ ಕೈಗೆ ಸಿಗುವಂತಿದ್ದರೆ ಕೈ ಹೋಗಿಯೇ ಹೋಗುತ್ತದೆ. ದಾರಿ ತೋರಿಸುವ ಆ್ಯಪ್ ಬೇಕಿದ್ದರೆ ಎಂಜಿನ್ ಹೊತ್ತಿಸುವ ಮೊದಲೇ ಹಾಕಿ, ಧ್ವನಿ ಮಾತ್ರ ಕೇಳುವಂತಿಟ್ಟು, ಫೋನನ್ನು ಚೀಲದೊಳಗೆ ಇಡಬೇಕು.

ಹಂತ 4: ಪಕ್ಕದಲ್ಲಿ ಕುಳಿತವರ ಬಾಯಿ

ಹೆಚ್ಚಿನ ಜಾಗೃತಿ ಕಾರ್ಯಕ್ರಮಗಳು ಓಡಿಸುವವರಿಗಷ್ಟೇ ಬುದ್ಧಿ ಹೇಳುತ್ತವೆ. ಆದರೆ ಹದಿಹರೆಯದ ಚಾಲಕನ ಜೊತೆ ಅದೇ ವಯಸ್ಸಿನವರು ಎಷ್ಟು ಜನ ಹೆಚ್ಚುತ್ತಾರೋ ಅಪಾಯವೂ ಅಷ್ಟು ಏರುತ್ತದೆ. ಒಬ್ಬನೇ ಇದ್ದಾಗ ಸಮಾಧಾನವಾಗಿ ಓಡಿಸುವ ಹುಡುಗ ನಾಲ್ವರು ನೋಡುತ್ತಿದ್ದರೆ ಬೇರೆಯವನೇ ಆಗುತ್ತಾನೆ. ಹಾಗಾಗಿ ಈ ಹಂತಕ್ಕೆ ಅರ್ಧ ಗಂಟೆಯಾದರೂ ಇರಲಿ.

ಮುಂದೆ ಎರಡು, ಹಿಂದೆ ಮೂರು ಕುರ್ಚಿ ಹಾಕಿ. ‘ಓಡಿಸುವವನಿಗೆ’ ಒಂದು ಚೀಟಿ ಕೊಡಿ: ತಡವಾಗಿದೆ, ಜೋರಾಗಿ ಹೋಗು. ಉಳಿದವರು ಅವನನ್ನು ನಿಧಾನಿಸಬೇಕು. ಮೊದಲ ಸುತ್ತಿನಲ್ಲಿ ಬರುವುದು ಬೈಗುಳ: ‘ಲೋ, ಸಾಯಿಸ್ತೀಯೇನೋ? ಓಡಿಸೋಕೆ ಬರಲ್ವಾ?’ ನಾಲ್ವರ ಮುಂದೆ ಮಾನ ಹೋದದ್ದಕ್ಕೆ ಅವನು ಇನ್ನೂ ಜೋರು ಮಾಡುತ್ತಾನೆ. ನಿಜ ಜೀವನದಲ್ಲೂ ಹಾಗೇ. ಎರಡನೇ ಸುತ್ತಿಗೆ ನಿಯಮ ಬದಲಿಸಿ: ತಪ್ಪನ್ನು ಅವನ ಮೇಲೆ ಹಾಕದೆ ನಿಮ್ಮ ಮೇಲೆ ಎಳೆದುಕೊಳ್ಳಿ. ‘ನಂಗೆ ತಲೆ ಸುತ್ತುತ್ತಿದೆ ಕಣೋ, ಸ್ವಲ್ಪ ನಿಧಾನ ಹೋಗು.’ ‘ಫೋನ್ ಇಲ್ಲಿ ಕೊಡೇ, ಉತ್ತರ ನಾನೇ ಹಾಕ್ತೀನಿ.’ ಎಲ್ಲಕ್ಕಿಂತ ಕೆಲಸ ಮಾಡುವ ವಾಕ್ಯ: ‘ವಾಂತಿ ಬರೋ ಹಾಗಿದೆ, ಪಕ್ಕಕ್ಕೆ ನಿಲ್ಲಿಸು.’ ವಾಂತಿಯ ಜೊತೆ ಯಾರೂ ವಾದಕ್ಕಿಳಿಯುವುದಿಲ್ಲ. ಗಾಡಿ ನಿಂತ ಮೇಲೆ ಇಳಿದುಬಿಡಬಹುದು. ಪ್ರತಿಯೊಬ್ಬರೂ ಒಂದು ವಾಕ್ಯ ಆರಿಸಿ ಮೂರು ಸಲ ಗಟ್ಟಿಯಾಗಿ ಹೇಳಲಿ. ನಾಲಿಗೆಗೆ ರೂಢಿಯಾಗದ ಮಾತು ಬೇಕಾದಾಗ ಬರುವುದಿಲ್ಲ.

ಕುಡಿದವನು ಬೀಗದ ಕೈ ಹಿಡಿದಿದ್ದರೆ ಆ ಗಾಡಿ ಹತ್ತಬಾರದು, ಮನೆಗೆ ಫೋನ್ ಮಾಡಬೇಕು. ಇದಕ್ಕೆ ಮನೆಯವರ ಕಡೆಯಿಂದಲೂ ಒಂದು ಮಾತು ಬೇಕು: ಎಷ್ಟು ಹೊತ್ತಾಗಿದ್ದರೂ ಬಂದು ಕರೆದೊಯ್ಯುತ್ತೇವೆ, ಆ ರಾತ್ರಿ ಬೈಯುವುದಿಲ್ಲ. ಬೈಗುಳಕ್ಕೆ ಹೆದರಿ ಕುಡಿದವನ ಹಿಂದೆ ಕುಳಿತು ಹೋಗುವುದು ಹಾಗೆ ತಪ್ಪುತ್ತದೆ.

ಹಂತ 5: ಹೆಲ್ಮೆಟ್, ಬೆಲ್ಟು

ಇದು ಬೇಗ ಮುಗಿಯುತ್ತದೆ. ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದ ಮೇಲೆ ಅಲುಗಾಡಿಸಿದರೆ ಹಣೆಯ ಚರ್ಮವೂ ಜೊತೆಗೇ ಅಲುಗಬೇಕು. ಹಿಂಭಾಗ ಹಿಡಿದು ಮುಂದಕ್ಕೆ ಎತ್ತಿದರೆ ಕಳಚಬಾರದು. ಗಲ್ಲದ ಪಟ್ಟಿಯ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಹೋಗಬಾರದು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟಿನ ಒಳಗಿನ ಥರ್ಮೋಕೋಲ್ ಒಮ್ಮೆ ಕುಗ್ಗಿದರೆ ಮತ್ತೆ ಉಬ್ಬುವುದಿಲ್ಲ, ಹೊರಗೆ ಬಿರುಕಿಲ್ಲದಿದ್ದರೂ ಅದು ಬಿಸಾಡುವ ವಸ್ತು. ಸೀಟ್‌ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಹಿಂದಿನ ಸೀಟಿನವರೂ ಹಾಕಲೇಬೇಕು, ಇಲ್ಲವಾದರೆ ಡಿಕ್ಕಿಯಾದಾಗ ಅವರ ಭಾರ ಮುಂದೆ ಕುಳಿತವರ ಬೆನ್ನಿಗೆ.

ಹಂತ 6: ಮನೆಯವರ ಜೊತೆ ಒಂದು ಹಾಳೆ

ಪರವಾನಗಿ ಸಿಕ್ಕ ಮೊದಲ ತಿಂಗಳುಗಳೇ ಹೆಚ್ಚು ಅಪಾಯದವು. ಅದಕ್ಕೇ ನ್ಯೂಜಿಲೆಂಡ್ 1987ರಲ್ಲಿ ಹಂತಹಂತದ ಪರವಾನಗಿ ತಂದಿತು: ಮೊದಲು ಜೊತೆಗೊಬ್ಬರು ಅನುಭವಿ, ಆಮೇಲೆ ರಾತ್ರಿ ಓಡಾಟಕ್ಕೂ ಜೊತೆಗಾರರಿಗೂ ಮಿತಿ, ಕೊನೆಗೆ ಪೂರ್ತಿ ಸ್ವಾತಂತ್ರ್ಯ. ಮನೆಯಲ್ಲೂ ಇದನ್ನೇ ಒಂದು ಹಾಳೆಯಲ್ಲಿ ಬರೆದುಕೊಳ್ಳಬಹುದು: ಮೊದಲ ಆರು ತಿಂಗಳು ಕತ್ತಲಾದ ಮೇಲೆ ಒಬ್ಬರೇ ಹೋಗುವುದಿಲ್ಲ, ಸ್ನೇಹಿತರನ್ನು ಹತ್ತಿಸಿಕೊಳ್ಳುವುದಿಲ್ಲ, ಮಳೆಯಲ್ಲಿ ಮತ್ತು ರಾತ್ರಿಯಲ್ಲಿ ದೊಡ್ಡವರನ್ನು ಕೂರಿಸಿಕೊಂಡು ಇಷ್ಟಿಷ್ಟು ಗಂಟೆ ಅಭ್ಯಾಸ ಮಾಡುತ್ತೇನೆ. ದೊಡ್ಡವರೂ ಸಹಿ ಹಾಕಬೇಕು, ಓಡಿಸುವಾಗ ಫೋನ್ ಮುಟ್ಟುವುದಿಲ್ಲ ಎಂಬ ಸಾಲಿನ ಕೆಳಗೆ. ಅಪ್ಪ, ಅಮ್ಮ ಓಡಿಸುವುದನ್ನು ಮಕ್ಕಳು ಹಿಂದಿನ ಸೀಟಿನಿಂದ ಹದಿನೈದು ವರ್ಷ ನೋಡಿರುತ್ತಾರೆ. ‘ಜಾರಿದ ಗಾಡಿ ನಿಭಾಯಿಸುವ’ ವಿಶೇಷ ತರಬೇತಿಗೆ ಸೇರಿಸುವ ಆಸೆ ಇದ್ದರೆ ತಡೆಯಿರಿ. ಅದರಿಂದ ಕೌಶಲ ಬರುವುದಕ್ಕಿಂತ ಬೇಗ ಧೈರ್ಯ ಬರುತ್ತದೆ.

ಫಲ ಸಿಕ್ಕಿತೇ ಎಂದು ಮಕ್ಕಳನ್ನು ಕೇಳಬೇಡಿ, ಅವರು ಹೌದೆನ್ನುತ್ತಾರೆ. ತರಗತಿಗೆ ಒಂದು ವಾರ ಮುಂಚೆ ಗೇಟಿನ ಬಳಿ ನಿಂತು ಪಟ್ಟಿ ಬಿಗಿದ ಹೆಲ್ಮೆಟ್ ಎಷ್ಟು, ಬಿಗಿಯದ್ದು ಎಷ್ಟು, ಇಲ್ಲದವರು ಎಷ್ಟು ಎಂದು ಎಣಿಸಿಡಿ. ಒಂದು ವಾರದ ನಂತರ, ಮತ್ತೆ ಮೂರು ತಿಂಗಳ ನಂತರ, ಅದೇ ವಾರದ ದಿನ, ಅದೇ ಹೊತ್ತಿಗೆ, ಯಾರಿಗೂ ತಿಳಿಸದೆ ಎಣಿಸಿ. ಮೂರನೇ ಎಣಿಕೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ನಾಲ್ಕನೇ ಹಂತವನ್ನು ಇನ್ನೊಮ್ಮೆ ಮಾಡಿಸಿ, ಈ ಸಲ ಓಡಿಸುವವನ ಚೀಟಿಯನ್ನು ಮಕ್ಕಳೇ ಬರೆಯಲಿ.