ಮಳೆಗಾಲದ ಊರಲ್ಲಿ ವಾಟರ್ ಕಲರ್: ಮನೆಯಲ್ಲೊಂದು ಮೂಲೆ ಮಾಡಿಕೊಂಡ ಅನುಭವ

ನಮ್ಮ ಮನೆ ಉಡುಪಿ ಹತ್ತಿರ, ಸಮುದ್ರಕ್ಕೆ ಎರಡು ಕಿಲೋಮೀಟರ್ ಕೂಡ ಇಲ್ಲ. ವಾಟರ್ ಕಲರ್ ಶುರು ಮಾಡಿದ ಮೊದಲ ವರ್ಷ ನಾನು ಊಟದ ಮೇಜಿನ ಮೇಲೆಯೇ ಚಿತ್ರ ಬರೆಯುತ್ತಿದ್ದೆ. ಎಲ್ಲ ಹರಡಿಕೊಂಡು ಕೂರುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತಿತ್ತು, ಇನ್ನೇನು ಕೈ ಓಡಿತು ಅನ್ನುವಾಗ ಊಟಕ್ಕೆ ಬಡಿಸುವ ಹೊತ್ತು, ಹಸಿ ಚಿತ್ರವನ್ನು ಎತ್ತಿ ಫ್ರಿಜ್ ಮೇಲೆ ಇಡಬೇಕು. ವಾರಕ್ಕೆ ಒಂದು ಸಲ ಕೂತರೆ ಹೆಚ್ಚು. ಹರಡಿದ್ದನ್ನು ಹಾಗೇ ಬಿಟ್ಟು ಏಳುವಂಥ ಒಂದು ಜಾಗ ಬೇಕು ಅಂತ ಅನಿಸಿದ್ದು ಆಗಲೇ.

ಸಿಕ್ಕಿದ್ದು ಹಿಂದಿನ ಕೋಣೆಯ ಕಿಟಕಿ ಪಕ್ಕ, ನಾಲ್ಕಡಿ ಅಗಲದ ಜಾಗ. ಉತ್ತರದ ಕಿಟಕಿ. ಉತ್ತರದ ಬೆಳಕು ಒಳ್ಳೆಯದು, ನೇರ ಬಿಸಿಲು ಬೀಳುವುದಿಲ್ಲ ಅಂತ ಎಲ್ಲ ಕಡೆ ಹೇಳುತ್ತಾರೆ. ಜನವರಿಯಲ್ಲಿ ಅದು ನಿಜ. ಮೇ ತಿಂಗಳಲ್ಲಿ ನೋಡಿದರೆ ಸಂಜೆ ಐದೂವರೆಗೆ ಬಿಸಿಲು ಓರೆಯಾಗಿ ಬಂದು ಕಾಗದದ ಮೇಲೇ ಬಿತ್ತು! ಬೀಚಿಗೆ ಹೋಗುವವರಿಗೆ ಗೊತ್ತಿರುತ್ತದೆ, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಮುಳುಗುವ ಜಾಗ ಉತ್ತರಕ್ಕೆ ಸರಿದಿರುತ್ತದೆ. ಹಾಗಾಗಿ ಹಳೇ ಬಿಳಿ ಪಂಚೆಯನ್ನು ಕಿಟಕಿಗೆ ಪರದೆ ಮಾಡಿದೆ. ಬೆಳಕು ಬರುತ್ತದೆ, ಬಿಸಿಲು ಚುಚ್ಚುವುದಿಲ್ಲ. ನಾನು ಬಲಗೈಯವಳು, ಅದಕ್ಕೇ ಬೆಳಕು ಎಡದಿಂದ ಬರುವ ಹಾಗೆ ಮೇಜು ಹಾಕಿಕೊಂಡೆ, ಇಲ್ಲದಿದ್ದರೆ ಕೈಯ ನೆರಳು ಬ್ರಶ್ಶಿನ ತುದಿಗೇ ಬೀಳುತ್ತದೆ.

ಹಲಗೆಗೆ ಬಡಗಿ ಆಚಾರ್ರ ಹತ್ತಿರ ಉಳಿದ ಪ್ಲೈವುಡ್ ತುಂಡು ಕೇಳಿದೆ. "ಎಂತಕ್ಕೆ ಅಕ್ಕ, ಕಪಾಟಿಗಾ?" ಅಂದರು. ಚಿತ್ರಕ್ಕೆ ಅಂದ ಮೇಲೆ ಅಂಚನ್ನೆಲ್ಲ ಉಜ್ಜಿ ನುಣುಪು ಮಾಡಿ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಹಿಂದೆ ಒಂದು ಮರದ ತುಂಡು ಕೊಟ್ಟು ಸ್ವಲ್ಪ ಇಳಿಜಾರು ಮಾಡಿದರೆ ಬಣ್ಣ ತಾನಾಗಿ ಕೆಳಗೆ ಹರಿಯುತ್ತದೆ, ಆಕಾಶ ಬರೆಯಲು ಅದೇ ಬೇಕು.

ರಾತ್ರಿಯ ದೀಪದ ವಿಷಯದಲ್ಲಿ ಮೋಸ ಹೋದೆ. ಹಳದಿ ಬಲ್ಬಿನ ಕೆಳಗೆ ಬರೆದ ಗದ್ದೆ ಬೆಳಿಗ್ಗೆ ನೋಡಿದರೆ ಅರಿಶಿನ ಚೆಲ್ಲಿದ ಹಾಗಿತ್ತು. ಹಳದಿ ಬೆಳಕಲ್ಲಿ ಹಳದಿ ಬಣ್ಣ ಮಂಕಾಗಿ ಕಾಣುತ್ತದೆ, ನಾವು ಸುಮ್ನೆ ಹಾಕುತ್ತಾ ಹೋಗುತ್ತೇವೆ. ಈಗ ಹಗಲಿನ ಹಾಗೆ ಬಿಳಿ ಬೆಳಕು ಕೊಡುವ 5000 ಕೆಲ್ವಿನ್‌ನ ಎಲ್‌ಇಡಿ ಹಾಕಿದ್ದೇನೆ. ಪೆಟ್ಟಿಗೆ ಮೇಲೆ ಸಿಆರ್‌ಐ (ಆ ಬೆಳಕಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವ ಅಂಕ) 90ಕ್ಕಿಂತ ಜಾಸ್ತಿ ಅಂತ ಇರುವುದನ್ನೇ ಹುಡುಕಿ ತಂದೆ.

ಇನ್ನು ಸಾಮಾನು. ಮೊದಲು 24 ಬಣ್ಣದ ಪೆಟ್ಟಿಗೆ ತಂದಿದ್ದೆ, ಅರ್ಧಕ್ಕರ್ಧ ಟ್ಯೂಬು ಹಾಗೇ ಗಟ್ಟಿಯಾದವು. ಈಗ ಇರುವುದು ಏಳೇ. ಎರಡು ಹಳದಿ, ಎರಡು ಕೆಂಪು, ಎರಡು ನೀಲಿ, ಒಂದು ಬರ್ಂಟ್ ಸಿಯೆನಾ ಅನ್ನುವ ಕೆಂಗಂದು. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನಾ ಬೆರೆಸಿದರೆ ಬರುವ ಬೂದು ಬಣ್ಣ ಇದೆಯಲ್ಲ, ಜೂನ್ ತಿಂಗಳ ನಮ್ಮ ಮೋಡ ಅದೇ. ಕಪ್ಪು ಟ್ಯೂಬು ಮುಟ್ಟುವುದೇ ಬೇಡ. ಕೊಳ್ಳುವಾಗ ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ. ಪಿಆರ್ 83 ಅನ್ನುವ ಬಣ್ಣದ ಸಂಕೇತ ಇದ್ದರೆ ಅದು ಹಳೇ ಅಲಿಜರಿನ್ ಕ್ರಿಮ್ಸನ್ ಎಂಬ ಕೆಂಪು, ಬೆಳಕಿಗೆ ಮಾಸುತ್ತದೆ, ಗೋಡೆಗೆ ಹಾಕುವ ಚಿತ್ರಕ್ಕೆ ಆಗುವುದಿಲ್ಲ. ಗ್ಯಾಂಬೋಜ್ ಅನ್ನುವ ಹಳದಿ ಹಿಂದೆಲ್ಲ ನಮ್ಮ ಪುನರ್ಪುಳಿಯ (ಕೋಕಂ) ಬಳಗದ ಮರದ ಅಂಟಿನಿಂದ ಬರುತ್ತಿತ್ತಂತೆ, ಅದು ತಿಳಿದ ದಿನದಿಂದ ಆ ಟ್ಯೂಬಿನ ಮೇಲೆ ನನಗೆ ವಿಶೇಷ ಪ್ರೀತಿ.

ಬ್ರಶ್ ಮೂರು ಸಾಕು: ಉರುಟಿನವು 12 ಮತ್ತು 6ನೇ ನಂಬರ್, ಒಂದಿಂಚಿನ ಚಪ್ಪಟೆಯದು ಒಂದು. ಸಿಂಥೆಟಿಕ್ ತಗೊಳ್ಳಿ. ಯಾರಾದರೂ ಮುಂಗುಸಿ ಕೂದಲಿನದ್ದು ತೋರಿಸಿದರೆ ದಯವಿಟ್ಟು ಬೇಡ ಅನ್ನಿ. ಮುಂಗುಸಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಆ ಬ್ರಶ್ ಮಾರುವುದೇ ಅಪರಾಧ. ಪ್ಯಾಲೆಟ್‌ಗೆ ಬಿಳಿ ಪಿಂಗಾಣಿ ತಟ್ಟೆ, ಬ್ರಶ್ ಒರೆಸಲು ಹಳೇ ಬೈರಾಸು, ಎರಡು ಗಾಜಿನ ಬಾಟಲಿ ನೀರು.

ದುಡ್ಡು ಹಾಕಬೇಕಾದ್ದು ಕಾಗದಕ್ಕೆ. 300 ಜಿಎಸ್‌ಎಂನ, ನೂರಕ್ಕೆ ನೂರು ಹತ್ತಿಯ ಕಾಗದ (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ). ಪ್ಯಾಡ್ ಬದಲು 22x30 ಇಂಚಿನ ಪೂರ್ತಿ ಹಾಳೆ ತಂದು, ಮಡಚಿ, ಸ್ಟೀಲ್ ಸ್ಕೇಲ್ ಇಟ್ಟು ನಾಲ್ಕಾಗಿ ಹರಿದುಕೊಂಡರೆ ಕಡಿಮೆಗೆ ಬೀಳುತ್ತದೆ. ಹಾಗೆ ಆಸೆಪಟ್ಟು ಹತ್ತು ಹಾಳೆ ತಂದು ಮರದ ಕಪಾಟಿನಲ್ಲಿ ಇಟ್ಟೆ. ಜುಲೈಯಲ್ಲಿ ಒಂದು ತೆಗೆದು ಆಕಾಶಕ್ಕೆ ನೀಲಿ ಎಳೆದೆ. ಎಳೆಯುತ್ತಿದ್ದ ಹಾಗೇ ಅಲ್ಲಲ್ಲಿ ಸಾಸಿವೆಯಷ್ಟು ದೊಡ್ಡ ಚುಕ್ಕೆ ಎದ್ದವು. ಆ ಜಾಗದಲ್ಲಿ ಮಾತ್ರ ಬಣ್ಣ ಒಳಗೆ ಇಂಗಿ ಗಾಢವಾಯಿತು, ಉಜ್ಜಿದರೂ ಹೋಗಲಿಲ್ಲ. ಒಣ ಹಾಳೆ ನೋಡಿದರೆ ಬೆಳ್ಳಗೇ ಇತ್ತು! ಬಣ್ಣ ಮೇಲೆ ನಿಲ್ಲಲಿ ಅಂತ ಕಾಗದಕ್ಕೆ ಅಂಟಿನ ಅಂಶ ಕೊಟ್ಟಿರುತ್ತಾರೆ. ತೇವಕ್ಕೆ ಬೂಸ್ಟು ಹಿಡಿದು ಅದೇ ಹಾಳಾಗಿತ್ತು. ಹತ್ತರಲ್ಲಿ ಏಳು ಹಾಳೆ ಹೋಯಿತು. ಆ ದಿನ ತುಂಬ ಅತ್ತೆ.

ದಾರಿ ಹೇಳಿದ್ದು ಅಮ್ಮ. "ಹಪ್ಪಳ ಇಟ್ಟ ಹಾಗೆ ಇಡು ಮಾರಾಯ್ತಿ, ಮಳೆ ಬರುವ ಮೊದಲೇ ಡಬ್ಬಿಗೆ ಹಾಕಬೇಕು, ಆಮೇಲೆ ಅಲ್ಲ." ಹೌದಲ್ವಾ! ಈಗ ಮೇ ಮೊದಲ ವಾರ, ಮಳೆ ಶುರುವಾಗುವ ಮೊದಲೇ, ಹಾಳೆಗಳನ್ನು ನಾಲ್ಕಾಗಿ ಹರಿದು ಐದೈದರಂತೆ ಜಿಪ್ ಕವರಿಗೆ ಹಾಕಿ, ಪ್ರತಿ ಕವರಿಗೂ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಎಲ್ಲವನ್ನೂ ತಗಡಿನ ಟ್ರಂಕಿನಲ್ಲಿ ಮುಚ್ಚುತ್ತೇನೆ. ಟ್ರಂಕ್ ನೆಲಕ್ಕೆ ತಾಗದ ಹಾಗೆ ಎರಡು ಹಲಗೆ ಮೇಲೆ. ಮಳೆಗಾಲದಲ್ಲಿ ಒಂದು ಸಲಕ್ಕೆ ಒಂದೇ ಕವರ್ ತೆಗೆಯುವುದು. ಆ ಪೊಟ್ಟಣದೊಳಗಿನ ನೀಲಿ ಹರಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅದು ವಿಷದ್ದು, ಮಕ್ಕಳ ಕೈಗೆ ಸಿಗಬಾರದು. ಬಣ್ಣದ ತಟ್ಟೆಯನ್ನೂ ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿಯೇ ಮುಚ್ಚುತ್ತೇನೆ, ಇಲ್ಲದಿದ್ದರೆ ಅದರ ಮೇಲೂ ಬಿಳಿ ಬೂಸ್ಟು.

ಎರಡು ಮಳೆಗಾಲ ಕಳೆಯಿತು, ಚುಕ್ಕೆ ಬಂದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕಾಗದ ಬೇಗ ಒಣಗುವುದಿಲ್ಲ, ಮೊದಲು ಅದಕ್ಕೂ ಸಿಟ್ಟು ಬರುತ್ತಿತ್ತು. ಈಗ ಮೋಡ ಬರೆಯುವುದನ್ನು ಆ ತಿಂಗಳಿಗೇ ಇಟ್ಟುಕೊಂಡಿದ್ದೇನೆ. ಹಾಳೆ ಹಸಿಯಾಗೇ ಇರುತ್ತದೆ, ಬೂದು ಬಣ್ಣ ನಿಧಾನಕ್ಕೆ ಹರಡುತ್ತದೆ, ನಡುವೆ ಎದ್ದು ಹೋಗಿ ಒಲೆ ಮೇಲಿನ ಗಂಜಿ ಇಳಿಸಿ ಬಂದರೂ ಅಂಚು ಗಟ್ಟಿಯಾಗಿರುವುದಿಲ್ಲ.