ಔಷಧಿ ಸರಿಯೇ ಇತ್ತು, ಹಾಕಿದ ಹೊತ್ತು ತಪ್ಪಾಗಿತ್ತು

ಪಿ53 (ಡಿಎನ್‌ಎಗೆ ಪೆಟ್ಟು ಬಿದ್ದಾಗ ಕೋಶವನ್ನು ನಿಲ್ಲಿಸುವ ಕಾವಲು ಪ್ರೋಟೀನ್) ಕೆಟ್ಟಿರುವ ಕ್ಯಾನ್ಸರ್ ಕೋಶಕ್ಕೆ ರೇಡಿಯೇಷನ್ ಜೊತೆ ವೀ1 (ರಿಪೇರಿ ಆಗುವ ತನಕ ಕೋಶ ಎರಡಾಗದಂತೆ ಹಿಡಿದಿಡುವ ಕಿಣ್ವ) ತಡೆಯುವ ಔಷಧಿ ಕೊಟ್ಟರೆ ಜಾಸ್ತಿ ಸಾಯುತ್ತದೆ. ಇದೇನು ಹೊಸದಲ್ಲ, ಬೇರೆಯವರು ಮಾಡಿ ತೋರಿಸಿದ್ದಾರೆ. ಲ್ಯಾಬಿನಲ್ಲಿ ಬೆಳೆಸುವ ನನ್ನ ಎಚ್‌ಟಿ-29 (ಪಿ53 ಕೆಟ್ಟಿರುವ ಕರುಳಿನ ಕ್ಯಾನ್ಸರ್ ಕೋಶ) ಮಾತ್ರ ಎಂಟು ತಿಂಗಳು ಕೇಳಲಿಲ್ಲ. "ಹಟಮಾರಿ ಕೋಶ, ಬಿಟ್ಟುಬಿಡಿ" ಅಂತ ಲ್ಯಾಬಿನಲ್ಲಿ ಎಲ್ಲರೂ ಹೇಳಿದರು.

ಮೊದಲು ಎಂಟಿಟಿ (ಬದುಕಿರುವ ಕೋಶ ನೇರಳೆ ಬಣ್ಣ ಕೊಡುವ ಪರೀಕ್ಷೆ) ನಂಬಿ ಕೆಟ್ಟೆ. ಮೂರನೇ ದಿನ ಓದಿದರೆ ಪ್ಲೇಟಿನ ಎಲ್ಲ ಗುಳಿಗಳೂ ಹೆಚ್ಚುಕಡಿಮೆ ಒಂದೇ ನೇರಳೆ. ಇನ್ನು ಎರಡಾಗಲಾರದ ಕೋಶವೂ ಅಷ್ಟು ದಿನ ಬದುಕಿದ್ದು ಬಣ್ಣ ಕೊಡುತ್ತದೆ. ಕಾಲೊನಿ, ಅಂದರೆ ಒಂದೊಂದು ಕೋಶ ಎರಡಾಗುತ್ತಾ ಬೆಳೆದು ಮಾಡುವ ಗುಂಪು, ಎಣಿಸಬೇಕು ಅಂತ ಗೊತ್ತಿತ್ತು. ಸೋಮಾರಿತನ, ಅಷ್ಟೇ.

ಆಮೇಲಿನ ತಪ್ಪಿಗೆ ದುಡ್ಡೂ ಹೋಯಿತು. ರೇಡಿಯೇಷನ್‌ಗೆ 24 ಗಂಟೆ ಮುಂಚೆಯೇ ಔಷಧಿ ಹಾಕುತ್ತಿದ್ದೆ. ಅದೊಂದೇ ಎಸ್ ಹಂತದ, ಅಂದರೆ ಡಿಎನ್‌ಎ ನಕಲು ಮಾಡುತ್ತಿರುವ, ಕೋಶಗಳನ್ನು ಹಾಳು ಮಾಡಿತು. ಬರೀ ಔಷಧಿ ಕೊಟ್ಟ ಪ್ಲೇಟಿನಲ್ಲೇ ಅರ್ಧಕ್ಕರ್ಧ ಕಾಲೊನಿ ಇಲ್ಲ. ಆ ಲೆಕ್ಕದಿಂದ ಭಾಗಿಸಿದರೆ ರೇಡಿಯೇಷನ್ ಲಾಭ ಸೊನ್ನೆ. ಸಾಲದ್ದಕ್ಕೆ ಒಂದೇ ಸ್ಟಾಕನ್ನು ಮತ್ತೆ ಮತ್ತೆ ಕರಗಿಸಿ ಫ್ರೀಜ್ ಮಾಡಿ ಎರಡು ವೈಯಲ್ ಕೆಡಿಸಿದೆ. ಮೆಷೀನಿನ ಬಾಡಿಗೆ ಬೇರೆ. ಆ ವರ್ಷದ ರೀಏಜೆಂಟ್ ದುಡ್ಡಿನಲ್ಲಿ ಮೂರನೇ ಒಂದು ಪಾಲು ಹೀಗೇ ಕರಗಿತು.

ಕೊನೆಗೆ ಕ್ರಮ ತಿರುಗಿಸಿದೆ. ಮೊದಲು 4 ಗ್ರೇ (ರೇಡಿಯೇಷನ್ ಅಳತೆ), ಒಂದು ಗಂಟೆ ಬಿಟ್ಟು ಔಷಧಿ, ಸುಮಾರು 18 ಗಂಟೆ ಆದಮೇಲೆ ತೊಳೆದು ತೆಗೆದೆ. ಕೋಶ ಜಿ2ನಲ್ಲಿ (ಎರಡಾಗುವ ಮುಂಚಿನ ಹಂತ) ನಿಂತು ರಿಪೇರಿಗೆ ಕೂರುವ ಹೊತ್ತಿಗೆ ಅದನ್ನು ವಿಭಜನೆಯ ಒಳಗೆ ತಳ್ಳಬೇಕು, ಅಲ್ವಾ? ಡೋಸ್ ಕೂಡ ಇಳಿಸಿದೆ, ಬರೀ ಔಷಧಿಯಿಂದ ನೂರರಲ್ಲಿ ಹತ್ತಕ್ಕಿಂತ ಜಾಸ್ತಿ ಸಾಯದಷ್ಟು. ಎರಡು ವಾರದ ನಂತರ ಕಾಲೊನಿ ಕಾಣಿಸುವ ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿದರೆ ಪ್ಲೇಟ್ ಬೋಳು! ಬರೀ ರೇಡಿಯೇಷನ್‌ಗೆ ನೂರರಲ್ಲಿ ಮೂವತ್ತು ಉಳಿಯುತ್ತಿದ್ದ ಕಡೆ ಹನ್ನೆರಡೋ ಹದಿಮೂರೋ. ಮೂರು ಸಲ ಮಾಡಿದೆ, ಮೂರು ಸಲವೂ ಬಂತು. ಹಟಮಾರಿ ಅಂದವರನ್ನೇ ಕರೆದು ಎಣಿಸಲು ಕೂರಿಸಿದೆ.

ಪಿ53 ಸರಿ ಇರುವ ಇನ್ನೊಂದು ಕರುಳಿನ ಕ್ಯಾನ್ಸರ್ ಕೋಶ, ಎಚ್‌ಸಿಟಿ116ರಲ್ಲೂ ಸುಮ್ನೆ ನೋಡಿದೆ. ವ್ಯತ್ಯಾಸ ಹೇಳಿಕೊಳ್ಳುವಷ್ಟಿಲ್ಲ. ರೇಡಿಯೇಷನ್ ಬದಲು ಜೆಮ್‌ಸಿಟಬಿನ್ ಅನ್ನುವ ಕಿಮೋ ಔಷಧಿ ಮೊದಲು ಕೊಟ್ಟು ಅದೇ ಕ್ರಮ ಹಿಡಿದಾಗ ಎಚ್‌ಟಿ-29 ಅಲ್ಲೂ ಬಗ್ಗಿತು. ಇನ್ನೊಂದು ಕಿಮೋ ಔಷಧಿ ಸಿಸ್‌ಪ್ಲಾಟಿನ್ ಜೊತೆ ಒಂದು ಸಲ ಬಂತು, ಒಂದು ಸಲ ಇಲ್ಲ. ಅದನ್ನು ಬದಿಗಿಟ್ಟಿದ್ದೇನೆ.

ಕಾಲೊನಿಗಳು ಪ್ಲೇಟಿನ ನಡುವೆ ಗುಂಪುಗೂಡದ ಹಾಗೆ ಕೋಶ ಹರಡಲು ನನ್ನದೇ ಒಂದು ಉಪಾಯ ಇದೆ. ತೊಳೆಯುವ ಮೀಡಿಯಂನಲ್ಲೂ ಒಂದು ಸಣ್ಣ ಬದಲಾವಣೆ ಮಾಡಿದ್ದೇನೆ. ಪೇಪರ್ ಬರುವ ತನಕ ಅವೆರಡೂ ನನ್ನ ಹತ್ತಿರವೇ ಇರಲಿ.