ಮರಾಠಿಯ ಪ್ರಶಸ್ತಿ ಪಟ್ಟಿ ಹಿಡಿದು ಪುಸ್ತಕ ಆರಿಸುವುದು ಹೇಗೆ?

ಮರಾಠಿಯಲ್ಲಿ ಏನು ಓದಬೇಕು, ಯಾವುದನ್ನು ಕನ್ನಡಕ್ಕೆ ತರಬೇಕು ಎಂದು ಹುಡುಕುವವರಿಗೆ ರಾಷ್ಟ್ರೀಯ ಪ್ರಶಸ್ತಿಗಳ ಪಟ್ಟಿ ಒಳ್ಳೆಯ ದಾರಿ. ಆದರೆ ಪಟ್ಟಿಯನ್ನು ಓದುವ ಕ್ರಮ ಗೊತ್ತಿರಬೇಕು. ಕೇಂದ್ರ ಸಾಹಿತ್ಯ ಅಕಾಡೆಮಿಯ ಮರಾಠಿ ಪ್ರಶಸ್ತಿ 1955ರಲ್ಲಿ ಮೊದಲು ಸಂದದ್ದು ತರ್ಕತೀರ್ಥ ಲಕ್ಷ್ಮಣಶಾಸ್ತ್ರಿ ಜೋಶಿಯವರ ‘ವೈದಿಕ ಸಂಸ್ಕೃತೀಚಾ ವಿಕಾಸ’ಕ್ಕೆ, ಮರುವರ್ಷ ಬಾ. ಸೀ. ಮರ್ಢೇಕರರ ‘ಸೌಂದರ್ಯ ಆಣಿ ಸಾಹಿತ್ಯ’ಕ್ಕೆ. ಮರ್ಢೇಕರರು ಮರಾಠಿ ನವಕಾವ್ಯದ ದೊಡ್ಡ ಕವಿ ಎಂದು ಕೇಳಿ ಇದನ್ನು ತರಿಸಿದರೆ ಕೈಗೆ ಬರುವುದು ಕವಿತೆಯಲ್ಲ, ಸೌಂದರ್ಯಮೀಮಾಂಸೆ.

ಮೊದಲು ನೋಡಬೇಕಾದ್ದು, ಪ್ರಶಸ್ತಿ ಪುಸ್ತಕಕ್ಕೋ ಲೇಖಕರಿಗೋ ಎಂಬುದು. ಅಕಾಡೆಮಿಯದು ಒಂದೇ ಪುಸ್ತಕಕ್ಕೆ. ಕೆ. ಕೆ. ಬಿರ್ಲಾ ಪ್ರತಿಷ್ಠಾನದ ಸರಸ್ವತಿ ಸಮ್ಮಾನ್ ಕೂಡ ಹಾಗೆಯೇ, ಹಿಂದಿನ 10 ವರ್ಷಗಳಲ್ಲಿ ಪ್ರಕಟವಾದ ಒಂದು ಕೃತಿಗೆ. ಜ್ಞಾನಪೀಠ ಮಾತ್ರ 1982ರಿಂದ ಒಟ್ಟು ಸಾಧನೆಗೆ ಸಲ್ಲುತ್ತಿದೆ. ಆದ್ದರಿಂದ ವಿ. ಸ. ಖಾಂಡೇಕರರ 1974ರ ಜ್ಞಾನಪೀಠವನ್ನು ‘ಯಯಾತಿ’ ಕಾದಂಬರಿಯ ಜೊತೆ ಹೇಳುವುದು ಸರಿ. 1987ರಲ್ಲಿ ಕುಸುಮಾಗ್ರಜರಿಗೆ ಬಂದದ್ದನ್ನು ‘ನಟಸಮ್ರಾಟ್’ ನಾಟಕಕ್ಕೆ ಅಂಟಿಸುವುದು ತಪ್ಪು. ಆ ನಾಟಕಕ್ಕೆ ಸಂದದ್ದು 1974ರ ಅಕಾಡೆಮಿ ಪ್ರಶಸ್ತಿ. 2003ರ ವಿಂದಾ ಕರಂದೀಕರ್ ಮತ್ತು 2014ರ ಭಾಲಚಂದ್ರ ನೇಮಾಡೆ ಅವರ ಜ್ಞಾನಪೀಠದ ಮುಂದೆಯೂ ಪುಸ್ತಕದ ಹೆಸರು ಬರೆಯಬೇಡಿ.

ಎರಡನೆಯದು ಇಸವಿ. ಪ್ರಶಸ್ತಿಯ ವರ್ಷವೇ ಪುಸ್ತಕದ ವರ್ಷವಲ್ಲ. ಅಕಾಡೆಮಿಯ 2024ರ ಪ್ರಶಸ್ತಿಗೆ ಪರಿಗಣಿಸಿದ್ದು 2018ರ ಜನವರಿ 1ರಿಂದ 2022ರ ಡಿಸೆಂಬರ್ 31ರೊಳಗೆ ಮೊದಲ ಸಲ ಅಚ್ಚಾದವುಗಳನ್ನು. ಮೊದಲ ಮುದ್ರಣ ಬೇಕೆನ್ನುವವರು ಈ ಐದು ವರ್ಷಗಳಲ್ಲೇ ಹುಡುಕಬೇಕು. ಇಸವಿ ಎಷ್ಟು ಸೂಕ್ಷ್ಮ ಸಂಗತಿ ಎಂಬುದಕ್ಕೆ ಧಾರವಾಡದಲ್ಲೇ ಇಂಗ್ಲಿಷ್ ಕಲಿಸುತ್ತಿದ್ದ ಜಿ. ಎ. ಕುಲಕರ್ಣಿಯವರ ಪ್ರಸಂಗ ಸಾಕು. ‘ಕಾಜಳಮಾಯಾ’ ಕಥಾಸಂಕಲನಕ್ಕೆ 1973ರ ಪ್ರಶಸ್ತಿ ಬಂದಾಗ ಅದರ ಪ್ರಕಟಣೆಯ ದಿನಾಂಕದ ಬಗ್ಗೆ ತಕರಾರು ಎದ್ದಿತು. ಅವರು ಪ್ರಶಸ್ತಿಯನ್ನು ಮರಳಿಸಿದರು. ಪುಸ್ತಕದ ಬೆಲೆ ಇದರಿಂದ ಒಂದಿಷ್ಟೂ ಕುಗ್ಗಲಿಲ್ಲ. ನಮ್ಮ ನೆಲದಲ್ಲಿ ಬದುಕಿ ಬರೆದ ಈ ಕಥೆಗಾರನನ್ನು ಕನ್ನಡಿಗರು ಓದಲೇಬೇಕು.

ಪ್ರಕಾರವನ್ನು ಮೂರನೆಯದಾಗಿ ನೋಡಿ. ಹೆಚ್ಚು ಎಡವುವುದು ಇಲ್ಲಿಯೇ. ನೇಮಾಡೆಯವರಿಗೆ ಅಕಾಡೆಮಿ ಪ್ರಶಸ್ತಿ ತಂದದ್ದು ‘ಟೀಕಾಸ್ವಯಂವರ’ ಎಂಬ ವಿಮರ್ಶಾ ಗ್ರಂಥ. ಅವರ ಕಾದಂಬರಿಯ ಶಕ್ತಿ ತಿಳಿಯಬೇಕಾದರೆ 1963ರ ‘ಕೋಸಲಾ’ ಹಿಡಿಯಬೇಕು, ಅದು ಆ ಪಟ್ಟಿಯಲ್ಲಿಲ್ಲ. ಹೆಸರು ಒಂದೇ ಆಗಿ ಮೋಸವಾಗುವುದೂ ಉಂಟು. 1968ರ ಅಕಾಡೆಮಿ ಪ್ರಶಸ್ತಿ ಪಡೆದ ಇರಾವತಿ ಕರ್ವೆಯವರ ‘ಯುಗಾಂತ’ ಮಹಾಭಾರತದ ಪಾತ್ರಗಳನ್ನು ಕುರಿತ ಪ್ರಬಂಧಗಳು. 2002ರ ಸರಸ್ವತಿ ಸಮ್ಮಾನ್ ಪಡೆದ ಮಹೇಶ ಎಲಕುಂಚವಾರರ ‘ಯುಗಾಂತ’ ನಾಟಕತ್ರಯ. ಅಂಗಡಿಗೆ ಬರೆಯುವಾಗ ಲೇಖಕರ ಹೆಸರು ಸೇರಿಸದಿದ್ದರೆ ಬೇರೆಯದೇ ಬಂದೀತು.

ಮರಾಠಿಯಲ್ಲೇ ಓದುವವರು ಭಾಷೆಯ ಬಗೆಯನ್ನೂ ವಿಚಾರಿಸಿಕೊಳ್ಳಲಿ. ಪು. ಲ. ದೇಶಪಾಂಡೆಯವರ ‘ವ್ಯಕ್ತಿ ಆಣಿ ವಲ್ಲೀ’ (1965ರ ಅಕಾಡೆಮಿ ಪ್ರಶಸ್ತಿ) ಬಿಡಿ ಬಿಡಿ ವ್ಯಕ್ತಿಚಿತ್ರಗಳು, ಆರಂಭಕ್ಕೆ ಹಿತ. ಆನಂದ ಯಾದವರ ‘ಝೋಂಬಿ’ (1990ರ ಅಕಾಡೆಮಿ ಪ್ರಶಸ್ತಿ) ನಿಪ್ಪಾಣಿಗೆ ಹತ್ತಿರದ ಕಾಗಲದ ಬದುಕು. ಕೊಲ್ಹಾಪುರ ಸೀಮೆಯ ಆಡುಮಾತನ್ನು ಪಠ್ಯಪುಸ್ತಕದ ಮರಾಠಿ ಬಲ್ಲವರು ಕೂಡ ನಿಧಾನವಾಗಿಯೇ ಓದಬೇಕಾಗುತ್ತದೆ. ಗಟ್ಟಿಯಾಗಿ ಓದಿಕೊಳ್ಳಿ: ಗಡಿಭಾಗದ ಕಿವಿಗೆ ಹಲವು ಮಾತು ತಾವಾಗಿ ತಿಳಿಯುತ್ತವೆ. ಹಳೆಯ ಶಬ್ದಗಳಿಗೆ ಮೋಲ್ಸ್‌ವರ್ತ್ ಮರಾಠಿ-ಇಂಗ್ಲಿಷ್ ನಿಘಂಟಿನ 1857ರ ಆವೃತ್ತಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಈಚಿನ ಪದಗಳು ಅದರಲ್ಲಿ ಇರುವುದಿಲ್ಲ.

ಹೊಸಬರನ್ನು ಹುಡುಕುವವರು ಮುಖ್ಯ ಪಟ್ಟಿಯೊಂದಕ್ಕೇ ನಿಲ್ಲಬಾರದು. ಅಕಾಡೆಮಿಯ ಯುವ ಪುರಸ್ಕಾರ 35 ವರ್ಷದೊಳಗಿನವರಿಗೆ. ಮಕ್ಕಳ ಪುಸ್ತಕಗಳಿಗೆ ಬಾಲ ಸಾಹಿತ್ಯ ಪುರಸ್ಕಾರವಿದೆ. ಬೇಡವೆಂದವರನ್ನೂ ಓದಿ: ನಂದಾ ಖರೆಯವರು ‘ಉದ್ಯಾ’ ಕಾದಂಬರಿಗೆ ಘೋಷಣೆಯಾದ 2020ರ ಪ್ರಶಸ್ತಿಯನ್ನು ನಿರಾಕರಿಸಿದರು.

ಅನುವಾದಿಸುವ ಮನಸ್ಸಿದ್ದರೆ ಮೊದಲ ಪುಟ ಬರೆಯುವುದಕ್ಕೂ ಮುಂಚೆ ಎರಡು ವಿಚಾರಣೆ ಆಗಬೇಕು. ಆ ಪುಸ್ತಕ ಈಗಾಗಲೇ ಕನ್ನಡದಲ್ಲಿದೆಯೇ ಎಂದು ಅಕಾಡೆಮಿಯ ಬೆಂಗಳೂರು ಕಚೇರಿಯ ಪುಸ್ತಕಪಟ್ಟಿಯಲ್ಲೂ ದೊಡ್ಡ ಗ್ರಂಥಾಲಯಗಳಲ್ಲೂ ನೋಡಿ. ಇದ್ದರೆ ಅದು ನೇರ ಮರಾಠಿಯಿಂದಲೋ ಹಿಂದಿ, ಇಂಗ್ಲಿಷ್ ಮೂಲಕವೋ ಎಂದು ಒಳಪುಟದಲ್ಲಿ ತಿಳಿಯಿರಿ. ಸುತ್ತಿ ಬಂದಿದ್ದರೆ ಹೊಸ ಅನುವಾದಕ್ಕೆ ಜಾಗವಿದೆ. ಇನ್ನೊಂದು ಹಕ್ಕಿನ ಪ್ರಶ್ನೆ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1976ರಲ್ಲಿ ತೀರಿಕೊಂಡ ಖಾಂಡೇಕರರ ಕೃತಿಗಳಿಗೆ 2036ರ ಕೊನೆಯವರೆಗೂ ಅನುಮತಿ ಬೇಕು. ಪ್ರಕಾಶಕರ ಬಳಿ ಅನುವಾದದ ಹಕ್ಕು ಇಲ್ಲದಿರಬಹುದು, ಹಾಗಾಗಿ ಒಳಪುಟದಲ್ಲಿ ಹಕ್ಕುದಾರರೆಂದು ಯಾರ ಹೆಸರಿದೆಯೋ ಅವರಿಂದಲೇ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಯಾವ ಭಾಷೆಗೆ, ಎಷ್ಟು ಪ್ರತಿ, ಎಷ್ಟು ವರ್ಷಕ್ಕೆ ಎಂಬುದು ಆ ಪತ್ರದಲ್ಲೇ ನಮೂದಾಗಿರಲಿ.